ಈರಕ್ಕನ ಹೆಸರಿನಲ್ಲಿ

೧೯೬೪ರ ಮಾರ್ಚ್ ೩೧ರ ಸಂಜೆ ಹೈಸ್ಕೂಲು ಮಾಸ್ತರ ಬಸಲಿಂಗಯ್ಯ ಹಳಿಯಾಳ ಠಾಣೆಗೆ ಬಂದರು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೇಲ್ವಿಚಾರಣೆಗೆ ಅವರನ್ನು ಅಂದೇ ಹಾಕಿದ್ದರು.

"ಈರಕ್ಕ ಅಂತ ಒಬ್ಬಾಕಿ ಪರೀಕ್ಷೆ ಬರಿಯಾಕತ್ತಾಳ್ರಿ."

"ಬರೀಲಿ. ತಪ್ಪೇನೈತಿ?" ಫೌಜದಾರ ಗೂಳಪ್ಪ ಕೇಳಿದರು.

"ಆಕಿ ಸತ್ತು ಮೂರು ವಾರ ಆತು. ಮಣ್ಣಿಗೆ ನಾನೂ ಹೋಗಿದ್ದೆ."

ಈರಕ್ಕ ಅವರ ಹಳೆಯ ವಿದ್ಯಾರ್ಥಿನಿ. ಕಾಯಿಲೆಯಿಂದ ಶಾಲೆ ಬಿಟ್ಟು, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದಳು. ಗೂಳಪ್ಪ ಎಫ್.ಐ.ಆರ್. ದಾಖಲಿಸಿದರು.

ಮರುದಿನ ಬೆಳಿಗ್ಗೆ ಪೇದೆ ಲಗಮಪ್ಪನೊಡನೆ ಅವಳ ಹಳ್ಳಿಗೆ ಹೋದರು. ತಂದೆ ಚನಬಸಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ.

"ಎಷ್ಟು ಮಂದಿ ಮಕ್ಕಳು?"

"ಇಬ್ಬರು ಹೆಣ್ಣುಮಕ್ಕಳಿದ್ರು. ದೊಡ್ಡಾಕಿ ಹೋದ್ಲು."

"ಸಣ್ಣಾಕಿ ಎಲ್ಲಿ?"

"ಶಿವವ್ವ ಹಳಿಯಾಳಕ್ಕ ನನ್ನ ತಂಗಿ ಮನಿಗೆ ಹೋಗ್ಯಾಳ್ರಿ."

"ಎಷ್ಟು ಕಲ್ತಾಳ?"

"ನಾಕನೇ ಇಯತ್ತೆ ತನಕ. ಇಬ್ಬರನ್ನೂ ಸಾಲಿಗೆ ಕಳಿಸಿದ್ರ ಮನಿ ಕೆಲಸ ಯಾರು ಮಾಡಬೇಕ್ರಿ?"

ಈರಕ್ಕನ ಪರೀಕ್ಷೆಯ ಪ್ರವೇಶಪತ್ರ ತೋರಿಸಲು ಹೇಳಿದಾಗ ಚನಬಸಪ್ಪ ಮನೆಯೆಲ್ಲ ಹುಡುಕಿದ. ಸಿಗಲಿಲ್ಲ.

ಮಧ್ಯಾಹ್ನ ಹಳಿಯಾಳಕ್ಕೆ ಮರಳಿ ಪರೀಕ್ಷಾ ಕೇಂದ್ರಕ್ಕೆ ಹೋದಾಗ ಗಣಿತದ ಪತ್ರಿಕೆ ನಡೆದಿತ್ತು. ಕೇಂದ್ರದ ಮುಖ್ಯಸ್ಥರು ಈರಕ್ಕನ ಹೆಸರಿನಲ್ಲಿ ಕುಳಿತಿದ್ದ ಹುಡುಗಿಯನ್ನು ಆಗಲೇ ಎಬ್ಬಿಸಿ ತರಲು ಹೊರಟರು. "ಬರದು ಮುಗಿಸಲಿ," ಎಂದು ಗೂಳಪ್ಪ ಹೊರಗೆ ಬೇವಿನ ಕೆಳಗೆ ನಿಂತರು. ಗಂಟೆ ಬಾರಿಸಿದ ಮೇಲೆ ಪಂಚರೆದುರು ಉತ್ತರಪತ್ರಿಕೆ ಜಪ್ತಿ ಮಾಡಿ ಪಂಚನಾಮೆ ಬರೆಸಿದರು. ಹದಿನೆಂಟರ ಶಿವವ್ವ ತನ್ನ ನಿಜ ಹೆಸರನ್ನು ತಾನಾಗಿಯೇ ಹೇಳಿದಳು.

"ಯಾರು ಕಲಿಸಿದ್ರು?"

"ಅಕ್ಕ. ಹಾಸಿಗಿ ಹಿಡದ ಮ್ಯಾಲೆ ಆಕಿಗೆ ಪುಸ್ತಕ ಹಿಡಿಯಾಕ ಆಗ್ತಿರಲಿಲ್ಲ. ನಾನು ಓದಿ ಹೇಳ್ತಿದ್ದೆ. ತಿಳೀದಿದ್ದು ಆಕಿ ಬಿಡಿಸಿ ಹೇಳ್ತಿದ್ಲು."

"ಪಾಸಾದ್ರೂ ಸತ್ತಾಕಿ ಹೆಸರು. ನಿನಗೇನು ಸಿಗ್ತಿತ್ತು?"

"ಏನೂ ಇಲ್ರಿ. ನನ್ನ ಕೈಲೆ ಆಗ್ತೈತೋ ಇಲ್ಲೋ ಒಮ್ಮೆ ನೋಡಬೇಕಿತ್ತು."

ಗೂಳಪ್ಪ ಅವಳನ್ನು ದಸ್ತಗಿರಿ ಮಾಡಿದರು. ಸುದ್ದಿ ತಿಳಿದು ಬಂದ ಚನಬಸಪ್ಪ ಠಾಣೆಯ ಮೆಟ್ಟಿಲು ಹತ್ತಲಿಲ್ಲ. "ಇನ್ನ ಇಕಿನ್ನ ಯಾರು ಲಗ್ನ ಮಾಡ್ಕೋತಾರ?" ಎಂದು ಲಗಮಪ್ಪನನ್ನು ಕೇಳಿ, ಮಗಳ ಮುಖ ನೋಡದೆ ಹೊರಟುಹೋದ. ಬಸಲಿಂಗಯ್ಯ ಮಾತ್ರ ಒಳಗೆ ಬಂದರು.

"ಫಿರ್ಯಾದು ಹಿಂದಕ್ಕ ತಗೋಬಹುದೇನ್ರಿ?"

"ಇನ್ನ ಆಗೂದಿಲ್ರಿ, ಮಾಸ್ತರ."

ಮೂಲೆಯಲ್ಲಿ ಕುಳಿತಿದ್ದ ಶಿವವ್ವ ಮೊದಲ ಬಾರಿ ತಾನೇ ಕೇಳಿದಳು: "ಸಾಹೇಬ್ರ, ನನ್ನ ಪೇಪರ್ ತಿದ್ದತಾರೇನ್ರಿ?"

"ಇಲ್ಲವ್ವ. ರದ್ದು ಮಾಡ್ತಾರ."

ಅವಳು ಬಸಲಿಂಗಯ್ಯನವರ ಕಡೆ ತಿರುಗಿದಳು. "ಗಣಿತ ಎಲ್ಲಾ ಬಂದಿತ್ರಿ, ಸರ," ಎಂದಳು. ಮಾಸ್ತರು ತಲೆ ತಗ್ಗಿಸಿದರು.