ಕ್ಯಾಸೆಟ್ಟಿನಲ್ಲಿ ಉಳಿದ ಅಜ್ಜಿಯ ಮಾತು

ಪರದೆಯ ತುಂಬ ಅವಳ ಅಜ್ಜಿ ನಗುತ್ತಿದ್ದಳು.

ಎಲೆಕ್ಟ್ರಾನಿಕ್ ಸಿಟಿಯ ಆ ತಣ್ಣನೆಯ ಸಭಾಂಗಣದ ಬಾಗಿಲಲ್ಲಿ ದೀಪಶ್ರೀ ನಿಂತಲ್ಲೇ ನಿಂತುಬಿಟ್ಟಳು. ಕೈಯಲ್ಲಿ ಎಣ್ಣೆ ಬಾಟಲಿಗಳ ಟ್ರೇ. ಸೆಮಿನಾರಿಗೆ ಬಂದವರಿಗೆಲ್ಲ ಒಂದೊಂದು ಕೊಡಬೇಕೆಂದು ಅವಳು ಕೆಲಸಕ್ಕಿದ್ದ ಅಲ್ಲಿಯ ಸೂಪರ್‌ವೈಸರ್ ಲೋಕೇಶ್ ಬೆಳಿಗ್ಗೆಯೇ ಹೇಳಿದ್ದ. ಅತ್ತಿಬೆಲೆ ಕಡೆಯ ಯಾವುದೋ ಗಿಡಮೂಲಿಕೆ ಕಂಪನಿಯ ಎಣ್ಣೆ. ‘ಕೀಲು ನೋವಿಗೆ ಕಾಡಿನ ಗುಟ್ಟು’ ಎಂದು ಲೇಬಲ್ಲಿನ ಮೇಲಿತ್ತು. ಸೆಮಿನಾರಿನ ಖರ್ಚೆಲ್ಲ ಅವರದೇ.

ಕೀಲು ನೋವಿಗೆ ಎಣ್ಣೆ ಕಾಯಿಸಿ ಕೊಡುತ್ತಿದ್ದ ಅಜ್ಜಿ ಹೋಗಿ ಹತ್ತು ತಿಂಗಳಾಗಿತ್ತು. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಈಗ ನೋಡಿದರೆ ಇಲ್ಲಿ, ಗೋಡೆಯಷ್ಟು ದೊಡ್ಡದಾಗಿ...

ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ದೀಪಶ್ರೀ ಮನಸ್ಸಿನಲ್ಲೇ ಅದನ್ನು ಕನ್ನಡ ಮಾಡಿಕೊಂಡಳು. ‘ಮಾಹಿತಿದಾರೆ ನಾಲ್ಕು. ಇರುಳಿಗ ಬುಡಕಟ್ಟು. ಹೆಂಗಸು, ಸುಮಾರು ಎಪ್ಪತ್ತು ವರ್ಷ, ಅನಕ್ಷರಸ್ಥೆ.’

ನಾಲ್ಕು! ಅಜ್ಜಿ ಒಂದು ನಂಬರಾ?

ವೇದಿಕೆಯ ಮೇಲೆ ಪ್ರೊಫೆಸರ್ ಮೇಡಂ ಒಬ್ಬರು ಮಾತಾಡುತ್ತಿದ್ದರು. ಪಕ್ಕದಲ್ಲಿ ಲ್ಯಾಪ್‌ಟಾಪಿನ ಮುಂದೆ ತಲೆ ಬಗ್ಗಿಸಿ ಕೂತಿದ್ದವನು ಯಾರೆಂದು ಅವಳಿಗೆ ಆ ಬಗ್ಗಿದ ತಲೆಯಿಂದಲೇ ಗೊತ್ತಾಯಿತು.

ಬಸಲಿಂಗ!

ಅಜ್ಜಿಯ ಮಾತನ್ನು ಟೇಪು ಮಾಡಿಕೊಂಡು ಹೋಗಿದ್ದವನು. ಮೂರು ವರ್ಷ. ಮೂರು ಡೈರಿ. ಮೊದಲನೆಯ ಡೈರಿಯ ತುಂಬ ಅವನೇ ಇದ್ದ. ಎರಡನೆಯದರಲ್ಲಿ ಅವನಿಗಾಗಿ ಕಾಯುವುದಿತ್ತು. ಮೂರನೆಯದರಲ್ಲಿ ಅವನ ಹೆಸರೇ ಇರಲಿಲ್ಲ.

ಕಾಲೇಜಿನಲ್ಲಿ ಹಾಜರಿ ಕೂಗಿದಾಗ ‘ಪ್ರೆಸೆಂಟ್ ಮಿಸ್’ ಅನ್ನಲೂ ಬೆವರುತ್ತಿದ್ದ ಹುಡುಗಿ ಅವಳು. ಟ್ರೇಯನ್ನು ನೆಲದ ಮೇಲಿಟ್ಟು, ಕುರ್ಚಿಗಳ ನಡುವೆ ನೇರ ನಡೆದು ಹೋದಳು.

“ಅವರಿಗೆ ಹೆಸರಿದೆ!”

ಸಭೆ ತಿರುಗಿ ನೋಡಿತು. ಮೇಡಂ ಕನ್ನಡಕ ಸರಿಮಾಡಿಕೊಂಡರು. “ಪ್ರಶ್ನೆಗಳು ಕೊನೆಗೆ, ಪ್ಲೀಸ್. ಯಾರಮ್ಮ ನೀನು?”

“ನಾನು ಮಾಹಿತಿದಾರೆ ನಾಲ್ಕರ ಮೊಮ್ಮಗಳು! ಮುನ್ನೂರು ಗಿಡದ ಹೆಸರು ಬಾಯಲ್ಲಿ ಹೇಳ್ತಿದ್ದೋಳು ಅನಕ್ಷರಸ್ಥೆ ಅಂತೆ. ನಿಮ್ಮಲ್ಲಿ ಯಾರಿಗ್ರೀ ಮೂವತ್ತು ಗೊತ್ತು?”

ಬಸಲಿಂಗ ತಲೆ ಎತ್ತಿದ. ಅವನ ಮುಖ ಬಿಳಿಚಿಕೊಂಡಿತು.

ಯಾರೋ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ಹಿಂದೆಯೇ ಓಡಿಬಂದ ಹೆಜ್ಜೆ ಸಪ್ಪಳ.

“ದೀಪಾ... ದೀಪಶ್ರೀ! ಒಂದ್ನಿಮಿಷ ನಿಂದರ್ರಿ!”

ಅದೇ ದನಿ. ಯಾದಗಿರಿ ಕಡೆಯ ಅದೇ ಮಾತು. ಎದೆಯೊಳಗೆ ಏನೋ ಹಾಳಾದ್ದು ಮೆತ್ತಗಾಯಿತು. ಅದಕ್ಕೇ ಸಿಟ್ಟು ಇನ್ನೂ ಏರಿತು.

“ಒಂದ್ ತಿಂಗಳಲ್ಲಿ ಕ್ಯಾಸೆಟ್ ಕಾಪಿ ತಂದ್ಕೊಡ್ತೀನಿ ಅಂದಿದ್ರಿ. ಬಸ್ ಸದ್ದು ಕೇಳಿದಾಗೆಲ್ಲ ಅಜ್ಜಿ ಹೊರಗೆ ಬರೋಳು, ‘ಟೇಪ್ ಹುಡುಗ ಬಂದ್ನಾ’ ಅಂತ. ಸಾಯೋ ವಾರದಲ್ಲೂ ಕೇಳಿದ್ಳು!”

“ಗೊತ್ತದರಿ...”

“ಏನ್ ಗೊತ್ತು ನಿಮಗೆ?”

“ಅಜ್ಜಿ ತೀರಿಕೊಂಡಿದ್ದು. ಮಾರ್ಚ್‌ದಾಗ ಬಂದಿದ್ದೆ. ನಿಮ್ಮೂರು ಹುತ್ತದದೊಡ್ಡಿ ದಾರ್ಯಾಗ ಟೀ ಅಂಗಡಿಯವರು ಹೇಳಿದ್ರು. ಮುಂದ ಬರ್ಲಿಕ್ಕೆ ಮುಖ ಇರಲಿಲ್ಲ. ಮೋರಿ ಮ್ಯಾಲ ಕೂತು ಅತ್ತು, ಹಂಗೇ ವಾಪಸ್...”

“ಅಳೋಕೆ ಬಂದಿದ್ರಾ? ಕ್ಯಾಸೆಟ್ ಕೊಡೋಕಲ್ವಾ?”

ಅವನು ತಲೆ ತಗ್ಗಿಸಿದ.

“ಗೆಡ್ಡೆ ಕಿತ್ಕೊಂಡು ಹೋದ್ರಿ. ತಲೆ ಹುಗೀಲೇ ಇಲ್ಲ ನೀವು.”

ಆ ಮಾತು ತಾಕಿತು. ಅವನ ಕಣ್ಣು ತುಂಬಿತು. ತುಂಬಲಿ!

“ಸೋಮವಾರ ನಮ್ಮ ಕಾಡಿನ ಹಕ್ಕಿನ ವಿಚಾರಣೆ ಇದೆ. ಹಿರಿಯರ ಸಮಾಧಿ ಎಲ್ಲೆಲ್ಲಿದೆ ಅಂತ ಪೂರ್ತಿ ಗೊತ್ತಿದ್ದಿದ್ದು ಅಜ್ಜಿಗೊಬ್ಬಳಿಗೇ. ಅದಿರೋದು ಆ ಕ್ಯಾಸೆಟ್ಟಲ್ಲಿ ಮಾತ್ರ. ಕೊಡಿ.”

“ನನ್ನ ಕಡೆ ಇಲ್ರಿ. ಮೇಡಂ ಬೀರುವಿನಾಗ ಅವ.”

“ಅಂದ್ರೆ... ಎಣ್ಣೆ ಕಂಪನಿಗೆ ಮಾರ್ಕೊಂಡ್ರಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಲೋಕೇಶ್ ಬಂದ. “ಏನ್ ತಾಯಿ, ಬಾಟ್ಲಿ ಹಂಚು ಅಂದ್ರೆ ಭಾಷಣ ಹಂಚ್ತೀಯಾ? ಐಡಿ ಕಾರ್ಡ್ ಕೊಟ್ಟು ಹೊರಡು. ನಾಳೆಯಿಂದ ಬರ್ಬೇಡ.”

ಕುತ್ತಿಗೆಯಿಂದ ಕಾರ್ಡು ತೆಗೆದು ಅವನ ಕೈಗಿಟ್ಟಳು. ಬಸಲಿಂಗನ ಕಡೆ ತಿರುಗಿಯೂ ನೋಡಲಿಲ್ಲ.

ಆನೇಕಲ್ ಬಸ್ಸಿನ ಕಿಟಕಿ ಪಕ್ಕ ಕೂತಳು. ಡೈರಿ ತೆಗೆದಳು.

‘ಮೊದಲು ಇಂಗ್ಲಿಷ್ ಸಾಹೇಬರು ಕುದುರೆ ಮೇಲೆ ಬಂದು, ಸರಪಳಿ ಹಿಡಿದು ಕಾಡು ಅಳೆದು ಕಲ್ಲು ನೆಟ್ಟರಂತೆ. ಕಲ್ಲಿನ ಒಳಗಿದ್ದ ನಾವು ಅವತ್ತಿನಿಂದ ಕಳ್ಳರು. ಆಮೇಲೆ ಅವರೇ ನಮ್ಮ ಮೂಗು ತಲೆ ಅಳೆದು ಪುಸ್ತಕ ಬರೆದರು. ಈಗ ಕಚೇರಿಯವರು ಕೇಳುತ್ತಾರೆ, ನೀವು ಇಲ್ಲೇ ಇದ್ದಿರಿ ಅನ್ನುವುದಕ್ಕೆ ಹಳೇ ಕಾಗದ ಇದೆಯಾ ಅಂತ. ಒಕ್ಕಲೆಬ್ಬಿಸಿದವರ ಕಾಗದದಲ್ಲಿ ನಾವು ಹೇಗಿರುತ್ತೇವೆ? ಆಮೇಲೆ ಟೇಪು ಹಿಡಿದುಕೊಂಡು ಇನ್ನೊಬ್ಬ ಬಂದ. ಅವನು ಬೇರೆ ಥರ ಅಂದುಕೊಂಡಿದ್ದೆ. ಮೂರ್ಖಳು ನಾನು.’

ಬೇರೆ ಥರ ಇದ್ದ ಅನ್ನುವುದೇ ಸಂಕಟ.

ಅವಳಿಗೆ ಆಗ ಹತ್ತೊಂಬತ್ತು. ಅಜ್ಜಿ ತಮ್ಮ ಇರುಳಿಗರ ಮಾತಿನಲ್ಲಿ ಹೇಳುವುದು, ದೀಪಶ್ರೀ ಕನ್ನಡ ಮಾಡುವುದು, ಬಸಲಿಂಗ ಬರೆದುಕೊಳ್ಳುವುದು. ಹದಿನೇಳು ದಿನ ಮೂವರೂ ಕಾಡು ಸುತ್ತಿದ್ದರು. ಒಂದು ದಿನ ಕಾಡುಗೆಣಸು ಅಗೆದಾಗ ಅಜ್ಜಿ ಗೆಡ್ಡೆಯ ಮೇಲ್ತುದಿ ಮುರಿದು, ಬಳ್ಳಿ ಸಮೇತ ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದಳು.

“ಯಾಕಂತ ಕೇಳ್ರಿ,” ಅಂದಿದ್ದ ಅವನು.

“ತಲೆ ವಾಪಸ್ ಹುಗುದ್ರೆ ಮುಂದಿನ ಮಳೆಗೆ ಮತ್ತೆ ಗೆಡ್ಡೆ ಕಟ್ತದೆ. ಹುಗೀದೆ ಹೋದ್ರೆ ಅದು ಕಳ್ತನ ಅಂತಾಳೆ ಅಜ್ಜಿ.”

ಆಮೇಲೆ ಅಜ್ಜಿ ಅವರಿಬ್ಬರನ್ನೂ ನೋಡಿ ಇನ್ನೇನೋ ಹೇಳಿ ಬೊಚ್ಚು ಬಾಯಿ ತುಂಬ ನಕ್ಕಿದ್ದಳು. ದೀಪಶ್ರೀ ಕಿವಿಯವರೆಗೂ ಕೆಂಪಾಗಿದ್ದಳು.

“ಏನಂದ್ರು?”

“ಏನಿಲ್ಲ... ಅದು ಕನ್ನಡಕ್ಕೆ ಬರಲ್ಲ.”

ದೊಡ್ಡಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅರಣ್ಯ ಹಕ್ಕು ಸಮಿತಿಯನ್ನು ನೋಡಿಕೊಳ್ಳುತ್ತಿದ್ದ ಅವಳ ಸೋದರಮಾವ ಚಿನ್ನಪ್ಪ ಜಗಲಿಯ ಮೇಲೆ ಅರ್ಜಿಗಳನ್ನು ಹರಡಿಕೊಂಡು ಕೂತಿದ್ದ.

“ಇರೀಕರ ಮಾತೂ ಪುರಾವೆನೇ ಅಂತ ಕಾನೂನಲ್ಲೈತೆ ಕಣವ್ವಾ. ಆದ್ರೆ ಇರೀಕರೇ ಮಣ್ಣಾದ್ರಲ್ಲ! ನಂಗೆ ಆರು ಸಮಾಧಿ ಗೊತ್ತು. ಮಿಕ್ಕಿದ್ದು ಅವ್ವನ ಜೊತೆಗೇ ಓಯ್ತು.”

“ಸೋಮವಾರ ತಿರಸ್ಕಾರ ಮಾಡಿದ್ರೆ?”

“ಬೇಲಿ ಆಕ್ತಾರೆ. ಆಮೇಲೆ ನಿಮ್ಮಜ್ಜಿಗೆ ಊವ ಇಡಕ್ಕೂ ಪರ್ಮಿಷನ್ ಕೇಳ್ಬೇಕು.”

ಅವಳು ಒಳಗೆ ಹೋದಳು. ಹದಿನೇಳು ದಿನ ಜೊತೆಗಿದ್ದರೂ ಯಾವ ಸಮಾಧಿ ಎಲ್ಲೆಂದು ಅವಳಿಗೂ ಪೂರ್ತಿ ನೆನಪಿರಲಿಲ್ಲ. ಅವನಿಗೆ ಇಡೀ ಕಾಡನ್ನು ಕನ್ನಡ ಮಾಡಿ ಕೊಟ್ಟವಳು ನಾನೇ... ಬಾಗಿಲು ತೆಗೆದವಳು ನಾನೇ!

ಸೋಮವಾರ ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಅವರ ಸರದಿ ಬಂತು. ದೊಡ್ಡಿಯ ಇಪ್ಪತ್ತು ಜನ ಗೋಡೆಗೆ ಒತ್ತಿ ನಿಂತಿದ್ದರು.

“ಸಮಾಧಿ, ಪೂಜೆ ಜಾಗ, ಜೇನುಮರ ಅಂತೆಲ್ಲ ಬರೆದಿದ್ದೀರಿ,” ಅಧಿಕಾರಿ ಹಾಳೆ ತಿರುವಿದರು. “ತೋರಿಸೋಕೆ ಏನಿದೆ?”

“ನಾವೇ ಇದೀವಲ್ಲ ಸಾರ್,” ಅಂದ ಚಿನ್ನಪ್ಪ.

ಗುಮಾಸ್ತ ನಕ್ಕ. “ನೀವು ಪುರಾವೆ ಆಗ್ತೀರಾ? ಹಳೇದೇನಾದ್ರೂ ಇದ್ರೆ ಕೊಡಿ ಗುರು, ಊಟಕ್ಕೆ ಮುಂಚೆ ಮುಗಿಸೋಣ.”

“ಹಳೇದು ಅದರಿ!”

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಬಸಲಿಂಗ. ಬೆವರಿನಲ್ಲಿ ತೊಯ್ದ ಅಂಗಿ. ಹೆಗಲಿಗೆ ಬಟ್ಟೆ ಚೀಲ, ಕಂಕುಳಲ್ಲಿ ಹಳೆಯ ಟೇಪ್ ರೆಕಾರ್ಡರ್.

ದೀಪಶ್ರೀ ಅವನ ಹೆಗಲ ಚೀಲವನ್ನೇ ನೋಡಿದಳು. ಬಂದನಾ...?

“ಹನ್ನೊಂದು ಕ್ಯಾಸೆಟ್ ಅವ ಸರ್. ಮೂರು ವರ್ಷದ ಹಿಂದ ನಾನೇ ರೆಕಾರ್ಡ್ ಮಾಡೀನಿ. ಯಾವ ದಿನ, ಯಾವ ಜಾಗ, ಎಲ್ಲಾ ಬರದು ಸಹಿ ಮಾಡೀನಿ.”

ಅಧಿಕಾರಿ ಅವನನ್ನೂ ಗಡಿಯಾರವನ್ನೂ ನೋಡಿದರು. “ಹಾಕಿ.”

ಕರಕರ ಸದ್ದು. ಒಣ ಎಲೆ ತುಳಿದ ಸದ್ದು. ಮತ್ತೆ... ಅಜ್ಜಿ!

ಗೋಡೆಯ ಬದಿಯಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಚಿನ್ನಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

“ಏನಂತಿದ್ದಾರೆ? ಯಾರು ಕನ್ನಡದಲ್ಲಿ ಹೇಳ್ತೀರಿ?”

ದೀಪಶ್ರೀ ಮುಂದೆ ಬಂದಳು.

“‘ಈ ಚಪ್ಪಡಿ ಕಲ್ಲಿನ ಕೆಳಗೆ ನಮ್ಮತ್ತೆ. ಎಡಕ್ಕೆ ನಮ್ಮತ್ತೆಯ ಅತ್ತೆ. ಆ ಎರಡು ತಾರೆ ಮರದ ನಡುವೆ ನನ್ನ ಗಂಡ. ಗಡಿಕಲ್ಲು ನೆಡುವಾಗ ನಮ್ಮವರ ಸಮಾಧಿ ಕಲ್ಲನ್ನೇ ಕಿತ್ತು ನೆಟ್ಟರು, ಗುರುತು ನೋಡು...’”

ಅಧಿಕಾರಿಯ ಪೆನ್ನು ಓಡುತ್ತಿತ್ತು. ಒಂದೊಂದೇ ಜಾಗ, ಒಂದೊಂದೇ ಹೆಸರು. ಹತ್ತೊಂಬತ್ತು ಸಮಾಧಿ. ಗುಮಾಸ್ತನ ನಗು ಎಲ್ಲಿ ಹೋಯಿತೋ.

ಕ್ಯಾಸೆಟ್ಟಿನಲ್ಲಿ ಹಾರೆ ಮಣ್ಣಿಗೆ ತಾಗಿದ ಸದ್ದು ಬಂತು. ಕಾಡುಗೆಣಸಿನ ದಿನ! ‘ತಲೆ ವಾಪಸ್ ಹುಗಿ’ ಎಂದ ಅಜ್ಜಿ, ಆಮೇಲೆ ಆ ಮಾತನ್ನೂ ಹೇಳಿ ಗಹಗಹಿಸಿ ನಕ್ಕಳು.

ದೊಡ್ಡಿಯ ಇಪ್ಪತ್ತೂ ಜನ ಕಣ್ಣೀರಿನಲ್ಲೇ ಗೊಳ್ಳೆಂದರು!

“ಏನು? ಏನಂದ್ರು?” ಅಧಿಕಾರಿ ತಲೆ ಎತ್ತಿದರು.

ದೀಪಶ್ರೀಯ ಮುಖ ಕಾವಲಿಯಂತೆ ಕಾದಿತ್ತು. “ಅದು... ಅದು ಕಾಡಿನ ವಿಷಯ ಅಲ್ಲ ಸಾರ್.”

“ಸಂಬಂಧದ ವಿಷಯ ಸಾರ್,” ಎಂದ ಚಿನ್ನಪ್ಪ, ಟವೆಲಿನ ಹಿಂದಿನಿಂದ.

ಮೂಲೆಯಲ್ಲಿ ಬಸಲಿಂಗ ಒಬ್ಬನೇ ಏನೂ ತಿಳಿಯದೆ ಮಿಕಿಮಿಕಿ ನೋಡುತ್ತಿದ್ದ.

“ಹಿರಿಯರ ಹೇಳಿಕೆ ಅಂತ ದಾಖಲು ಮಾಡ್ಕೊಂಡಿದ್ದೀನಿ. ಜಾಗ ನೋಡೋಕೆ ಮುಂದಿನ ವಾರ ನಾನೇ ಬರ್ತೀನಿ, ಅಲ್ಲೀತನಕ ಬೇಲಿ ಕೆಲಸ ನಿಲ್ಲಿಸ್ತಾರೆ. ಹೇಳಿಕೆ ಕೊಟ್ಟವರ ಹೆಸರು?”

ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ಭದ್ರಮ್ಮ, ಕೋಂ ಆವಲಪ್ಪ. ಹುತ್ತದದೊಡ್ಡಿ. ದೊಡ್ಡದಾಗಿ ಬರ್ಕೊಳ್ಳಿ ಸಾರ್.”

ಕಚೇರಿಯ ಹೊರಗಿನ ಹೊಂಗೆ ಮರದ ಕೆಳಗೆ ಅವನು ನಿಂತಿದ್ದ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

“ಎಲ್ಲಾ ಅದರಾಗ ಅವ. ಕ್ಯಾಸೆಟ್, ಫೋಟೋ, ನನ್ನ ನೋಟ್‌ಬುಕ್. ನನ್ನ ಕಡೆ ಒಂದು ಕಾಪಿನೂ ಇಲ್ಲ. ಏನ್ ಕೊಡಬೇಕು, ಏನ್ ಕೊಡಬಾರದು, ದೊಡ್ಡಿಯವರು ಹೇಳಲಿ.”

“ಮೇಡಂ ಕೊಟ್ರಾ?”

“ಕೊಡೋದಿಲ್ಲ, ಭದ್ರಮ್ಮನ ಜೋಡಿ ಒಪ್ಪಂದ ಏನಾದ್ರೂ ಬರಹದಾಗ ಅದ ಏನು ಅಂದ್ರು. ಮಾತು ಕೊಟ್ಟೀನಿ ಅಂದೆ. ನಾ ಮಾಡಿದ ರೆಕಾರ್ಡಿಂಗ್ ನಾ ಒಯ್ತೀನಿ ಅಂತ ರಿಜಿಸ್ಟರಿನ್ಯಾಗ ಬರದು ಬಂದೀನಿ. ಎಣ್ಣೆ ಕಂಪನಿಗೂ, ಅಜ್ಜಿ ಒಪ್ಪಿಗೆ ಇಲ್ಲ ಅಂತ ಪತ್ರ ಹಾಕೀನಿ. ನಾ ಮಾರಿಲ್ರಿ ದೀಪಾ. ಆದ್ರ ಮೇಡಂ ಕೇಳಿದಾಗ ಎಲ್ಲಾ ಅವರ ಕೈಗೆ ಇಟ್ಟು ಸುಮ್ಮನಾದೆನಲ್ಲ... ಅದು ನನ್ನ ತಪ್ಪೇ.”

“ಮತ್ತೆ ನಿಮ್ಮ ಪಿಎಚ್‌ಡಿ?”

“ಬ್ಯಾರೆ ಗೈಡ್ ಸಿಗಬೇಕು. ಸಿಗದಿದ್ರ ಪಟ್ಟಂದೂರು ಅಗ್ರಹಾರದಾಗ ಅಪ್ಪನ ಜೋಡಿ ಗಾರೆ ಕೆಲಸ ಅದ.” ನಗಲು ಹೋಗಿ ಆಗಲಿಲ್ಲ ಅವನಿಗೆ. “ನಮ್ಮವ್ವ ಮರೆವ್ವ ಅಲ್ಲೇ ಇಟ್ಟಂಗಿ ಹೊರ್ತಾಳ. ಆಕಿ ಫೋಟೋ ಹಾಕಿ ಕೆಳಗ ‘ಕೂಲಿ, ಹೆಂಗಸು, ನಾಲ್ಕು’ ಅಂತ ಬರದಿದ್ರ ನಂಗ ಹೆಂಗಾಗ್ತಿತ್ತು? ನೀವು ಕೂಗಿದ ಮ್ಯಾಲ ನಂಗ ಮರೆವ್ವನ ಮುಖನೇ ಕಾಣ್ತು.”

ಅವಳು ಚೀಲ ತೆಗೆದುಕೊಂಡಳು. ಅಜ್ಜಿಯಷ್ಟೇ ಹಗುರವಾಗಿತ್ತು.

“ನಂಗಿನ್ನೂ ಸಿಟ್ಟಿದೆ.”

“ಇರ್ಲಿ.”

“ತುಂಬಾ ದಿನ ಇರುತ್ತೆ.”

“ನಾನೂ ಇರ್ತೀನಿ.” ಅವನ ದನಿ ಇಳಿಯಿತು. “ಆ ಹದಿನೇಳು ದಿನದಾಗ ನಾ ಬರಕೊಂಡಿದ್ದು ಗಿಡದ ಹೆಸರು. ನೋಡ್ಕೋತ ಇದ್ದಿದ್ದು ನಿಮ್ಮನ್ನ. ಪ್ರೀತಿ ಮಾಡ್ತೀನಿ ಅನ್ನಲಿಕ್ಕೆ ಇವತ್ತು ಯಾವ ಮುಖ ಅದ ನಂಗ... ಆದ್ರೂ ಮಾಡ್ತೀನಿ ದೀಪಾ.”

ಹೊಂಗೆ ಎಲೆಗಳು ಅಲ್ಲಾಡಿದವು. ದೂರದಲ್ಲಿ ಚಿನ್ನಪ್ಪ ಮಾವ ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದ.

“ಒಂದ್ ಕೇಳ್ಲಾ?” ಎಂದ ಬಸಲಿಂಗ. “ಆ ಕ್ಯಾಸೆಟ್ ನೂರು ಸಲ ಕೇಳೀನಿ. ಗೆಣಸು ಅಗದಾಗ ಅಜ್ಜಿ ನಕ್ಕಿದ್ದು... ಅದೊಂದು ಮಾತು ಇವತ್ತಿಗೂ ಗೊತ್ತಿಲ್ಲ. ಹೇಳದಿದ್ರೂ ನಡೀತದ. ಅದು ನಿಮ್ಮದು.”

ನಿಮ್ಮದು. ಆ ಒಂದು ಪದಕ್ಕೆ ಅವಳೊಳಗೆ ಮೂರು ವರ್ಷದಿಂದ ಬಿಗಿದುಕೊಂಡಿದ್ದ ಏನೋ ಸಡಿಲವಾಯಿತು.

ಅವನ ಅಂಗಿ ಜೇಬಿಗೆ ಕೈಹಾಕಿ ಪೆನ್ನು ತೆಗೆದುಕೊಂಡಳು. ತನ್ನ ಡೈರಿಯೊಳಗಿಟ್ಟು ಡೈರಿ ಮುಚ್ಚಿದಳು.

“‘ಈ ಹುಡುಗಿ ಬಾಯಲ್ಲಿ ಏನೂ ಹೇಳಲ್ಲ, ಎಲ್ಲಾ ಪುಸ್ತಕದಲ್ಲಿ ಹುಗಿದಿಡ್ತಾಳೆ. ಅಗೆದು ನೋಡು ಮಗಾ, ಒಳಗೆಲ್ಲ ನೀನೇ ಇದ್ದೀಯ.’”

ಅವನ ಕಣ್ಣಿಂದ ಒಂದು ಹನಿ ಉದುರಿತು. ಈ ಸಲ ಅವಳೇ ಒರೆಸಿದಳು.

“ಹೇಳ್ಬಿಟ್ಟಿದ್ದೀನಿ,” ಅಂದಳು ದೀಪಶ್ರೀ. “ಆದ್ರೆ ಇದನ್ನ ಎಲ್ಲೂ ಬರ್ಕೋಬೇಡಿ.”