ನೀಲಿ ಚಾಕ್‌ಪೀಸಿನ ಗುರುತು

2007ರ ಆಗಸ್ಟ್ 8, ಬುಧವಾರ, ಬೆಳಿಗ್ಗೆ 11.20. ಕೊಬ್ಬರಿ ಹರಾಜಿನ ದಿನ. ತಿಪಟೂರಿನ ಠಾಣೆಯ ಮುಂದೆ ಲಾರಿಗಳ ಸಾಲು ಕದಲುತ್ತಿರಲಿಲ್ಲ. ನಡುವೆ ನುಸುಳಿ ಬಂದ ಟೈಲರ್ ಸನಾವುಲ್ಲಾ ದೂರಿನ ಹಾಳೆಯನ್ನು ಇನ್ಸ್‌ಪೆಕ್ಟರ್ ನಂಜುಂಡಪ್ಪನವರ ಮೇಜಿನ ಮೇಲಿಟ್ಟರು. ಹಿರಿಯ ಮಗಳು ಆಲಿಯಾ ಡೆಂಗಿ ಜ್ವರದಲ್ಲಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆದರೆ ಇಂಟರ್ನೆಟ್ಟಿನ ಆರ್ಕುಟ್ ತಾಣದ ಅವಳ ಪುಟದಿಂದ ಗೆಳತಿಯರಿಗೆ ಇನ್ನೂ ಉತ್ತರ ಹೋಗುತ್ತಿತ್ತು.

"ಸತ್ತಿಲ್ಲ, ಯಾರ ಜೊತೇಲೋ ಓಡೋಗವ್ಳೆ ಅಂತ ಜನ ಆಡ್ಕೊತವ್ರೆ ಸಾರ್. ಕಿರಿಯೋಳು ತರನ್ನುಮ್‌ನ ಮದ್ವೆಗೆ ಒಪ್ಪಿದ್ದೋರೂ ಹಿಂದಕ್ಕೋದ್ರು."

ಬೇರೊಬ್ಬರ ಸೋಗು ಹಾಕಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ಸರ್ವಮಂಗಳ ಆ ಪುಟಗಳ ಪ್ರಿಂಟ್ ತೆಗೆಸಿದಳು. ಎಲ್ಲ ಉತ್ತರಗಳೂ ಮಧ್ಯಾಹ್ನ ಎರಡರಿಂದ ಎರಡೂವರೆಯೊಳಗೆ ಬರೆದವು. ಅವಳು ಮೊದಲು ವಿಚಾರಿಸಿದ್ದು ಟೈಲರ್ ಅಂಗಡಿಯ ಬೀದಿಯಲ್ಲಿದ್ದ ಸೈಬರ್ ಕೆಫೆಯಲ್ಲಿ. ಅದರ ಮಾಲೀಕ ಬೆಟ್ಟಸ್ವಾಮಿ ರಿಜಿಸ್ಟರಿನಲ್ಲಿ ಹೆಸರನ್ನೇ ಬರೆಸುತ್ತಿರಲಿಲ್ಲ.

"ಹೆಸ್ರು ಕೇಳಿದ್ರೆ ಪಕ್ಕದ ಅಂಗಡಿಗೆ ಹೋಯ್ತಾರೆ ಕಣಮ್ಮ. ಊಟದ ಹೊತ್ತಲ್ಲಿ ಒಬ್ಬ ಬತ್ತಾನೆ, ಮೂರನೇ ಕಂಪ್ಯೂಟರಿನ ಕೀಬೋರ್ಡಿಗೆಲ್ಲಾ ನೀಲಿ ಚಾಕ್‌ಪೀಸ್ ಪುಡಿ ಮೆತ್ತಿ ಹೋಯ್ತಾನೆ. ಒರೆಸಿ ಒರೆಸಿ ಸಾಕಾಗೈತೆ."

ಇದನ್ನು ಕೇಳಿದ ನಂಜುಂಡಪ್ಪ ಕಡತ ತೆರೆದರು. ದೂರಿನ ಹಾಳೆಯ ಅಂಚಿನಲ್ಲಿ ಸನಾವುಲ್ಲಾರ ಹೆಬ್ಬೆರಳು ಬಿಟ್ಟ ಗುರುತಿತ್ತು. ಬಟ್ಟೆಗೆ ಗೆರೆ ಎಳೆಯುವ ಚಾಕ್‌ಪೀಸು, ಅದೇ ನೀಲಿ. ಆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ತಂದೆ, ಮಗ ಇಬ್ಬರೇ. ತಂದೆಗೆ ಕಂಪ್ಯೂಟರ್ ಮುಟ್ಟಿ ಗೊತ್ತಿರಲಿಲ್ಲ.

ಮರುದಿನ 2.10ಕ್ಕೆ ಮಗ ಇಜಾಜ್ ಮೂರನೇ ಕಂಪ್ಯೂಟರಿನ ಮುಂದೆ ಸಿಕ್ಕಿದ. ಓಡಲಿಲ್ಲ.

"ಪಾಸ್‌ವರ್ಡ್ ಎಲ್ಲಿ ಸಿಕ್ತು?"

"ಅಳತೆ ಪುಸ್ತಕದ ಹಿಂದಿನ ಹಾಳೇಲಿ ಅಕ್ಕಾನೇ ಬರ್ದಿದ್ಲು ಸಾರ್."

"ಯಾಕೆ ಮಾಡ್ದೆ?"

ಜ್ವರದ ಎರಡನೇ ದಿನ ಆಲಿಯಾ ಈ ಕೆಫೆಗೆ ಕರೆದುಕೊಂಡು ಹೋಗೆಂದು ಅವನನ್ನು ಕೇಳಿದ್ದಳಂತೆ. ಹಾಸನದ ಗೆಳತಿಗೆ ಉತ್ತರ ಬರೆಯಬೇಕಿತ್ತು. ಹೊಲಿಯಬೇಕಿದ್ದ ಮದುವೆ ಬಟ್ಟೆಗಳ ರಾಶಿ ತೋರಿಸಿ ಇಜಾಜ್ ನಾಳೆ ಎಂದಿದ್ದ. ಅಕ್ಕನ ಮಣ್ಣಾದ ಮೇಲೆ, ಸಾವಿನ ಸುದ್ದಿ ತಿಳಿಸಲೆಂದೇ ಬಂದು ಕೂತ.

"'ಹುಷಾರಾದ್ಯೇನೇ' ಅಂತ ಆ ಗೆಳತಿ ಕೇಳಿದ್ಲು ಸಾರ್. ಹುಷಾರಾಗಿದೀನಿ ಅಂತ ಬರ್ದ್‌ಬುಟ್ಟೆ. ಅವಳು ಖುಷಿಯಾಗಿ ಮತ್ತೆ ಬರೆದ್ಲು."

"ತಂಗಿ ಸಂಬಂಧ ಮುರಿದಾಗ್ಲೂ ನಿಲ್ಲಿಸ್ಲಿಲ್ವಾ?"

ಇಜಾಜ್ ತನ್ನ ನೀಲಿ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

ಪಂಚರ ಸಮಕ್ಷಮ ಪಂಚನಾಮೆ ಮುಗಿಯಿತು. ಬಂಧಿಸುವ ಮುನ್ನ ನಂಜುಂಡಪ್ಪ ಕೀಲಿಮಣೆಯನ್ನು ಅವನತ್ತ ಸರಿಸಿದರು. "ನಿಜ ಏನಿದೆಯೋ ಅದನ್ನ ಬರಿ. ನಿನ್ನ ತಂಗಿಗಾದ್ರೂ."

ಎರಡು ಸಾಲಿಗೆ ಇಜಾಜ್ ಇಪ್ಪತ್ತು ನಿಮಿಷ ತೆಗೆದುಕೊಂಡ. ಆಲಿಯಾ ಮೇ 6ರಂದು ತೀರಿಕೊಂಡಳು. ಇಷ್ಟು ದಿನ ಬರೆದವನು ಅವಳ ತಮ್ಮ.

ಸಮಯ 3.05 ಎಂದು ನಮೂದಿಸಿ ನಂಜುಂಡಪ್ಪ ತಲೆಯೆತ್ತಿದರು. ಪರದೆಯ ಮೇಲೆ ಆ ಎರಡು ಸಾಲುಗಳ ಪಕ್ಕದಲ್ಲಿ ನಗುವ ಹುಡುಗಿಯ ಪುಟ್ಟ ಚಿತ್ರವಿತ್ತು. ಬರೆದವರ ಹೆಸರು, ಆಲಿಯಾ.