ಎರಡು ಊರಿಗೆ ಒಂದೇ ಮಾದರಿ

“ಹೇಳಿ ಮೇಡಂ, ನಿಮ್ದು ಎಷ್ಟು ಬಂತು?”

“ಹೇಳಬಾರದು ನಿಂಗರಾಜು ಅವರೇ.”

“ಊಟ ಆಯ್ತಾ ಅಂತಾನಾದ್ರೂ ಹೇಳ್ಬೋದಾ?”

ಫೋನ್ ಹಿಡಿದುಕೊಂಡೇ ನಕ್ಕುಬಿಟ್ಟೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಕ್ಕರೆ ಯಾರಾದರೂ ನೋಡಿದರೇ ಎಂದು ಈಗಲೂ ಸುತ್ತ ನೋಡುತ್ತಿದ್ದೆ.

ಅದು ೧೯೯೬. ನಾನು ಚಾಮರಾಜನಗರದ ಲ್ಯಾಬ್‌ನಲ್ಲಿ, ಅವರು ಗುಂಡ್ಲುಪೇಟೆಯದರಲ್ಲಿ. ಲಾರಿ ಬ್ಯಾಟರಿ ಬಿಚ್ಚಿ ಸೀಸ ಕರಗಿಸುವವರ ರಕ್ತ ಪರೀಕ್ಷಿಸುವುದು ನಮ್ಮ ಕೆಲಸ. ನಮ್ಮನ್ನು ಪರೀಕ್ಷಿಸಲು ಆರು ತಿಂಗಳಿಗೊಮ್ಮೆ ಮೈಸೂರಿನಿಂದ ಒಂದೇ ರಕ್ತದ ಮಾದರಿ ಎರಡೂ ಕಡೆಗೆ ಬರುತ್ತಿತ್ತು. ಅದರಲ್ಲಿ ಸೀಸ ಎಷ್ಟೆಂದು ಕಳಿಸಿದವರಿಗೆ ಮಾತ್ರ ಗೊತ್ತು. ಉತ್ತರ ಅಂಚೆಗೆ ಹಾಕುವ ತನಕ ನಾವು ಮಾತಾಡಿಕೊಳ್ಳುವಂತಿಲ್ಲ.

ಈ ಸಲ ಸರಿಯಾದರೆ ನಿಂಗರಾಜು ಅವರ ಕೆಲಸ ಕಾಯಂ. ಕಾಯಂ ಆದರೆ ಮನೆಗೆ ಬಂದು ಮದುವೆಗೆ ಕೇಳುತ್ತೇನೆ ಎಂದಿದ್ದರು. ಯಾರಿಗಾದರೂ ಏನಾದರೂ ಕೊಡಬೇಕೆಂದು ನನಗೆ ಅನ್ನಿಸಿದ್ದು ಬಹಳ ದಿನಗಳ ಮೇಲೆ.

“ಇಪ್ಪತ್ತಾರು,” ಎಂದೆ.

ಆ ಕಡೆ ಲಾರಿಗಳ ಹಾರನ್ ನಡುವೆ ಕಾಗದ ಮಗುಚಿದ ಸದ್ದು.

“ನಂದೂ ಅಷ್ಟೇಯ.”

ತಿಂಗಳಾದ ಮೇಲೆ ಮೈಸೂರಿನ ಕಾಗದ ಬಂತು. ಮಾದರಿಯಲ್ಲಿ ಇರಬೇಕಾದದ್ದು ಐವತ್ತೆರಡು. ಎರಡೂ ಲ್ಯಾಬ್ ಒಂದೇ ಉತ್ತರ ಕೊಟ್ಟಿರುವುದರಿಂದ ಮಾದರಿಯೇ ಕೆಟ್ಟಿರಬೇಕು, ಈ ಸುತ್ತು ರದ್ದು ಎಂದಿತ್ತು.

ಸರಿಯಾಗಿ ಎರಡರಷ್ಟು. ಕಪಾಟು ತೆರೆದು ನೋಡಿದೆ. ಹೋಲಿಸಿ ಅಳೆಯುವ ದ್ರಾವಣವನ್ನು ನೂರು ಮಿಲಿಯ ಬದಲು ಐವತ್ತರ ಫ್ಲಾಸ್ಕ್‌ನಲ್ಲಿ ಮಾಡಿಟ್ಟಿದ್ದೆ; ಅದು ಎರಡು ಪಟ್ಟು ಗಟ್ಟಿ. ಅಂದಿನಿಂದ ನಾನು ಕೊಟ್ಟ ಪ್ರತಿ ರಿಪೋರ್ಟೂ ಅರ್ಧ.

ಗುಂಡ್ಲುಪೇಟೆಗೆ ಫೋನ್ ಮಾಡಿದೆ. “ನಿಜ ಹೇಳಿ. ನಿಮಗೆ ಬಂದದ್ದೆಷ್ಟು?”

“ಐವತ್ತೊಂದು.”

“ಮತ್ತೇಕೆ ಬದಲಾಯಿಸಿದಿರಿ?”

“ನೀವು ತಪ್ಪು ಮಾಡ್ತೀರಿ ಅಂತ ಅನ್ನುಸ್ನೇ ಇಲ್ಲ ಕಣ್ರೀ. ನನ್ ಮಿಷಿನ್ನೇ ಕೆಟ್ಟದೆ ಅಂದ್ಕಂಡೆ.”

ನನ್ನನ್ನು ಯಾರೂ ಅಷ್ಟು ನಂಬಿರಲಿಲ್ಲ.

“ಬುಡಿ ಮೇಡಂ, ರದ್ದಾಯ್ತಲ್ಲ. ಯಾರ್ಗೂ ಗೊತ್ತಾಗಲ್ಲ.”

ಮರುದಿನ ಉಡಿಗಾಲದ ಪುಟ್ಟಮಾದು ಬಂದ. ಬ್ಯಾಟರಿ ಅಂಗಡಿಯವನು. ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತಿತ್ತು. ಸೀಸ ಹಾಗೆ ಮಾಡುತ್ತದೆ.

“ಅನ್ನ ಕಲಸಕ್ಕೂ ಆಗಕಿಲ್ಲ ಕಣವ್ವ. ಕೆಲ್ಸ ಬುಡನ ಅಂದ್ಕಂಡಿದ್ದೆ. ನೀವು ರಕ್ತ ಸರಿಯಾಗೇ ಅದೆ ಅಂದ್ರಲ್ಲ, ಅದ್ಕೇ ಓಯ್ತಾ ಇದ್ದೆ.”

ಅವನ ಎಡಗೈಯಿಂದ ರಕ್ತ ತೆಗೆದೆ. ಅವನು ಹೋದ ಮೇಲೆ ನಿಂಗರಾಜು ಅವರಿಗೆ ಎಲ್ಲ ಹೇಳಿದೆ.

“ಮೈಸೂರಿಗೆ ಬರೆಯುತ್ತೇನೆ. ನಿಮ್ಮ ಹೆಸರೂ ಬರುತ್ತದೆ.”



“ಬರೀರಿ. ನಾನೂ ಬರಿತೀನಿ. ಅವನ್ ರಕ್ತ ನಂಗೆ ಕಳ್ಸಿ.”

ಅವರ ಮಿಷಿನ್ ಅರವತ್ತೆಂಟು ತೋರಿಸಿತು. ನಲವತ್ತು ದಾಟಿದರೇ ಅಪಾಯ.

ಉತ್ತರ ಮೊದಲೇ ಹೇಳಿಕೊಟ್ಟಿದ್ದಕ್ಕೆ ನನಗೆ ಎಚ್ಚರಿಕೆ ಪತ್ರ. ಬದಲಾಯಿಸಿದ್ದಕ್ಕೆ ಅವರಿಗೆ ವಜಾ.

ಕೇರಳದ ಸುಲ್ತಾನ್ ಬತ್ತೇರಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಬೀಳ್ಕೊಡಲು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಹೋದೆ. ಈರುಳ್ಳಿ ಮೂಟೆಗಳ ಪಕ್ಕ ಟ್ರಂಕ್ ಇಟ್ಟುಕೊಂಡು ನಿಂತಿದ್ದರು.

“ಮಲಯಾಳಂ ಬರುತ್ತದೆಯೇ?”

“ರಕ್ತಂ ಅಂದ್ರೆ ರಕ್ತ. ಸದ್ಯಕ್ಕೆ ಸಾಕು.” ನಗಲು ನೋಡಿದರು. “ನೀವೂ ಬನ್ನಿ. ಅಲ್ಲೇ ಮದ್ವೆ ಆಗನ.”

“ನಲವತ್ತಮೂರು ಜನರಿಗೆ ತಪ್ಪು ರಿಪೋರ್ಟ್ ಕೊಟ್ಟಿದ್ದೇನೆ. ಒಬ್ಬೊಬ್ಬರ ಮನೆಗೂ ಹೋಗಿ ನಾನೇ ಹೇಳಬೇಕು.”

ಅವರು ನನ್ನ ಕೈ ಹಿಡಿದರು. ಅಷ್ಟು ಜನರ ನಡುವೆಯೂ ನಾನು ಬಿಡಿಸಿಕೊಳ್ಳಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಿದ. ಕೊನೆಗೆ ಅವರೇ ಬಿಟ್ಟರು.

ಬಸ್ಸು ಕಣ್ಮರೆಯಾದ ಮೇಲೆ ಹರದನಹಳ್ಳಿಗೆ ಹೊರಟೆ. ಅಲ್ಲಿ ಮೂವರಿದ್ದರು.